ಸೋಮವಾರ ನೀರು, ಮಂಗಳವಾರ ಕಳ್ಳತನ

"ಈ ನೂರೈವತ್ತು ಲೀಟರ್ ಎಲ್ಲಿಂದ ಬಂತಮ್ಮ? ಕಾವೇರಿಂದ ತಂದು ಉಯ್ದ್ಯಾ?"

ಡೈರಿ ಅಧ್ಯಕ್ಷರು ಪ್ರಿಂಟ್‌ಔಟನ್ನು ಮೇಜಿನ ಮೇಲೆ ಬಡಿದರು. ಎದುರಿಗೆ ನಿಂತಿದ್ದವರು ಚಿಕ್ಕತಾಯಮ್ಮ. ಹಾಲಿನ ಡೈರಿಯ ಟೆಸ್ಟರ್. ಹನ್ನೊಂದು ವರ್ಷದಿಂದ ಊರಿನ ಹಾಲನ್ನೆಲ್ಲ ಅಳೆದು, ಪರೀಕ್ಷೆ ಮಾಡಿ, ಬರೆದಿಡುವವರು. ಹೊರಗೆ ಕಿಟಕಿ ಹತ್ತಿರ ಕ್ಯಾನ್ ಹಿಡಿದು ನಿಂತಿದ್ದ ಜನ ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದರು.

ಮೂಲೆಯಲ್ಲಿ ನಾನು. ಆ ಪ್ರಿಂಟ್‌ಔಟ್ ಬರುವ ಹಾಗೆ ಮಾಡಿಕೊಟ್ಟವನು ನಾನೇ.

ಊರು ಟಿ. ನರಸೀಪುರ ತಾಲ್ಲೂಕು, ಹೆಮ್ಮಿಗೆ ಆಚೆ. ಹೆಸರು ಬರೆಯಲ್ಲ. (ಅಧ್ಯಕ್ಷರು ಈ ಪೇಪರ್ ತರಿಸ್ತಾರೆ.) ನನ್ನದು ನಂಜನಗೂಡಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಅಂತ ಈ ಅಂಕಣ ಓದುವವರಿಗೆ ಗೊತ್ತು. ಎಸ್ಸೆಸ್ಸೆಲ್ಸಿ ಎರಡು ಸಲ ಡುಮ್ಕಿ ಅಂತಲೂ ಗೊತ್ತು. ಮಿಲ್ಲು, ಡೈರಿ, ಅಂಗಡಿ, ಯಾರೇ ಆಗಲಿ, ದಿನದ ವಿವರ ತುಂಬಿದರೆ ರಿಪೋರ್ಟ್ ತೆಗೆದುಕೊಡುವ ಒಂದು ಸಾಫ್ಟ್‌ವೇರ್ ಇದೆ. ಓಪನ್ ಸೋರ್ಸ್. ಅಂದರೆ ಅದರ ಹೊಟ್ಟೆಯಲ್ಲಿ ಏನಿದೆ ಅಂತ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಅದನ್ನು ಡೈರಿಯ ಹಳೇ ಕಂಪ್ಯೂಟರಿಗೆ ಹಾಕಿದ್ದೆ.

ಮೂರು ವಾರ ಓಡಿತು. ಏನು ಹೇಳಿತು? ಪ್ರತಿ ಸೋಮವಾರ ಜನ ಹಾಕಿದ ಹಾಲು ನಾನೂರು ಲೀಟರ್, ಟ್ಯಾಂಕರಿಗೆ ಹೋಗಿದ್ದು ಐನೂರೈವತ್ತು. ಮಂಗಳವಾರ ಉಲ್ಟಾ. ಹಾಕಿದ್ದು ಐನೂರೈವತ್ತು, ಹೋಗಿದ್ದು ನಾನೂರು. ಎರಡೂ ಸಾಲು ಕೆಂಪು ಬಣ್ಣದಲ್ಲಿ.

"ಸ್ವಾಮಾರ ನೀರ್ ಬೆರುಸ್ತಾಳ, ಮಂಗ್ಳವಾರ ಆಲ್ ಕದೀತಾಳ. ಕಳ್ಳಿ! ಕಂಪ್ಯೂಟ್ರೇ ಏಳ್ತಾ ಅದ," ಅಂದರು ಅಧ್ಯಕ್ಷರು, ಕಿಟಕಿ ಆಚೆಗೂ ಕೇಳುವ ಹಾಗೆ. "ಮುಂದಿನ ಬುಧವಾರ ಮೀಟಿಂಗು. ಅಲ್ಲೀಗಂಟ ಡೈರಿ ಕಡೆ ಬರಬ್ಯಾಡ. ಆಮೇಲೆ ಇರ್ತೀಯೋ ಓಯ್ತೀಯೋ ಅಲ್ಲೇ ತೀರ್ಮಾನ."

ಒಂದು ದಿನ ನೀರು ಬೆರೆಸಿ, ಮಾರನೇ ದಿನ ಅಷ್ಟೇ ಹಾಲು ಕದಿಯೋಕೆ ಆ ಹೆಂಗಸಿಗೇನು ತಲೆ ಕೆಟ್ಟಿದೆಯಾ? ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. (ಬರೆಯೋಕೆ ನಾಚಿಕೆ ಆಗುತ್ತೆ.)

ಚಿಕ್ಕತಾಯಮ್ಮಕ್ಕನ ಹಿಂದೆಯೇ ಅವರ ಮನೆಗೆ ಹೋದೆ. ಜಗುಲಿ ಮೇಲೆ ನಿಲ್ಲಿಸಿ ಬೈದರು.

"ನನ್ ಮ್ಯಾಲೆ ಯಾವ ಜನ್ಮದ ಸಿಟ್ಲಾ ನಿಂಗೆ? ಡಬ್ಬ ತಂದು ಮಡಗ್ಬುಟ್ಟು ನನ್ ಮಾನ ಕಳದಲ್ಲಾ!"

"ಬಯ್ಯಕ್ಕ. ಆದ್ರ ಸ್ವಾಮಾರ ಏನಾಯ್ತದ ಅಂತ ಏಳು."

"ಏನಾಯ್ತದ? ಸ್ವಾಮಾರ ಸಂಜೆ ಅರ್ಧ ಊರು ಆಲ್ ಆಕದಿಲ್ಲ. ಮಾದಪ್ಪನ ಮೀಸಲು ಅಂತ ಮನೇಲೇ ಮಡಿಕತ್ತಾರ. ನಿಂಗೊತ್ತಿಲ್ವಾ?"

ಗೊತ್ತಿತ್ತು. ಸೋಮವಾರ ಸಂಜೆಯ ಹಾಲು ಮಾದಪ್ಪ ದೇವರಿಗೆ, ಮಾರೋ ಹಾಗಿಲ್ಲ. ನಮ್ಮ ಮನೆಯಲ್ಲೂ ಹಾಗೇ. ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ?

ಅಕ್ಕ ಒಳಗೆ ಹೋಗಿ ನೋಟ್‌ಬುಕ್ ತಂದರು. ಕಂಪ್ಯೂಟರ್ ಬಂದ ಮೇಲೂ ಅದರಲ್ಲಿ ಬರೆಯೋದು ಬಿಟ್ಟಿರಲಿಲ್ಲ. ಪ್ರತಿ ಪುಟದ ಮೊದಲ ಸಾಲು ಸಂಜೆ ಹಾಲು. ಕೆಳಗೆ ಮಾರನೇ ಬೆಳಗಿನ ಹಾಲು. ಆಮೇಲೆ ಒಂದು ಗೆರೆ.

"ಸಂಜೆ ಆಲು ಕೂಲರ್‌ನಾಗೆ ಇರ್ತದ. ಬೆಳಿಗ್ಗೇದೂ ಸೇರುಸ್ಕಂಡು ಒಂಬತ್ತು ಗಂಟೆ ಟ್ಯಾಂಕರ್‌ಗೆ ಕೊಡ್ತೀವಿ. ಆಲಿನ್ ದಿನ ಸುರುವಾಗದೇ ಸಂಜೆ ಕಣ್ಲಾ!"

ಸಾಫ್ಟ್‌ವೇರಿನ ದಿನ ಶುರುವಾಗೋದು ರಾತ್ರಿ ಹನ್ನೆರಡಕ್ಕೆ. ಅದು ಸೋಮವಾರದ ಬೆಳಿಗ್ಗೆ, ಸೋಮವಾರದ ಸಂಜೆ ಎರಡನ್ನೂ ಕೂಡಿಸಿತ್ತು. ಆದರೆ ಸೋಮವಾರದ ಟ್ಯಾಂಕರ್ ತಗೊಂಡು ಹೋಗಿದ್ದು ಭಾನುವಾರದ ಸಂಜೆ ಹಾಲನ್ನು! ಈ ತಪ್ಪು ದಿನಾಲೂ ಆಗುತ್ತಿತ್ತು. ಉಳಿದ ದಿನ ಹಿಂದಿನ ಸಂಜೆಯ ಹಾಲೂ ಅವತ್ತಿನ ಸಂಜೆಯ ಹಾಲೂ ಹೆಚ್ಚೂಕಮ್ಮಿ ಒಂದೇ ಅಳತೆ, ಹಾಗಾಗಿ ಕಾಣಲಿಲ್ಲ. ಮೀಸಲಿನ ಸಂಜೆ ಬಂದಾಗ ಸಿಕ್ಕಿಬಿತ್ತು. ಆ ಸಂಜೆಯ ಕಮ್ಮಿ ಹಾಲು ಟ್ಯಾಂಕರಿಗೆ ಹೋಗಿದ್ದು ಮಂಗಳವಾರ, ಅದಕ್ಕೇ ಮಂಗಳವಾರ ಉಲ್ಟಾ.

ಮಾರನೇ ದಿನ ಅಂಗಡಿ ಬಾಗಿಲು ತೆಗೆದವನೇ, ಆ ಸಾಫ್ಟ್‌ವೇರ್ ಮಾಡುವವರು ಮಾತಾಡಿಕೊಳ್ಳುವ ಪೇಜಿಗೆ ಹೋದೆ. ಕನ್ನಡದಲ್ಲಿ ಬರೆದು ಫೋನಲ್ಲೇ ಇಂಗ್ಲಿಷ್ ಮಾಡಿದೆ. ಟ್ಯಾಂಕರ್, ಮೀಸಲು, ಅಕ್ಕನ ಕೆಲಸ ಹೋಗೋ ವಿಚಾರ, ಎಲ್ಲ. ನೋಟ್‌ಬುಕ್ಕಿನ ಫೋಟೋ ಅಂಟಿಸಿದೆ.

ಒಬ್ಬ ಅಂದ: ದಿನ ಅಂದರೆ ದಿನ, ಡೈರಿಯವರೇ ಪದ್ಧತಿ ಬದಲಾಯಿಸಲಿ. (ಹಸು ಒಪ್ಪಬೇಕಲ್ಲಪ್ಪ?) ಇನ್ನೊಬ್ಬ, ಯಾವುದೋ ದೇಶದ ಬೇಕರಿಯವನು: ನಾಳೆಯ ಬ್ರೆಡ್ಡಿಗೆ ಇವತ್ತು ಸಂಜೆಯೇ ಹಿಟ್ಟು ಕಲಸ್ತೀವಿ, ನನಗೂ ಇದೇ ಗೋಳು, ಹೇಳೋಕೆ ಸಂಕೋಚ ಇತ್ತು. ಮೂರನೆಯವಳು ಪೋರ್ಚುಗಲ್ಲಿನ ಹೆಣ್ಣುಮಗಳು, ಕೋಡ್ ಬರೆಯುವವಳು. ಒಂದೇ ಪ್ರಶ್ನೆ ಕೇಳಿದಳು. ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತೆ?

ಭಾನುವಾರ ಅವಳ ಹೊಸ ಕೋಡ್ ಬಂತು. 'ನಿಮ್ಮ ದಿನ ಎಷ್ಟು ಗಂಟೆಗೆ ಶುರು?' ಅಂತ ಒಂದು ಖಾನೆ. ಮಧ್ಯಾಹ್ನ ಹನ್ನೆರಡು ಅಂತ ತುಂಬಿದೆ. ಕೆಂಪು ಹೋಯ್ತು! ಆದರೆ ದಿನ ಹಿಂದಿನ ಮಧ್ಯಾಹ್ನವೇ ಶುರುವಾಗಿದ್ದಕ್ಕೆ ಸೋಮವಾರದ ಟ್ಯಾಂಕರ್ ಭಾನುವಾರದ ಹೆಸರಲ್ಲಿ ಬಂತು. ಇದು ಅಧ್ಯಕ್ಷರ ಕೈಗೆ ಸಿಕ್ಕರೆ? ಮತ್ತೆ ಬರೆದೆ. ಮಂಗಳವಾರ ಅದನ್ನೂ ಸರಿ ಮಾಡಿದಳು. ಎರಡು ಸಲವೂ ಅಕ್ಕನ ಜಗುಲಿ ಮೇಲೆ ಕೂತು ಅವರು ನೋಟ್‌ಬುಕ್ ಓದಿದರು, ನಾನು ಲ್ಯಾಪ್‌ಟಾಪಿನ ಸ್ಕ್ರೀನ್ ನೋಡಿದೆ. ಸಾಲು ಸಾಲು.

ಬುಧವಾರ ಮೀಟಿಂಗ್. ಅದೇ ಮೂರು ವಾರದ ಹಾಲು, ಹೊಸ ರಿಪೋರ್ಟ್.

"ಎಲ್ಲಪ್ಪ ಕೆಂಪು?" ಅಧ್ಯಕ್ಷರು ಕಾಗದ ತಿರುಗಿಸಿ ಹಿಂದುಗಡೆಯೂ ನೋಡಿದರು.

"ಇಲ್ಲ ಸಾ. ಯಾವತ್ತೂ ಇರ್ನಿಲ್ಲ. ತಪ್ಪು ನಂದು, ಅಕ್ಕಂದಲ್ಲ."

ಒಬ್ಬ ಡೈರೆಕ್ಟರು ನೋಟ್‌ಬುಕ್ ಪಕ್ಕ ಇಟ್ಟುಕೊಂಡು ಬೆರಳಿಟ್ಟು ತಾಳೆ ನೋಡಿದರು. ಕೂಡಿತು. ಮೂರೂ ವಾರ ಕೂಡಿತು.

"ಸರಿ ಬುಡಿ, ಆದದ್ದಾಯ್ತು," ಅಂದರು ಅಧ್ಯಕ್ಷರು. "ನಾಳಿಂದ ಬಾರಮ್ಮ. ಯಾರ್ಲಾ ಅಲ್ಲಿ, ಟೀ ತರ್ಸು."

"ಟೀ ಬ್ಯಾಡ ಸಾ," ಅಂದರು ಅಕ್ಕ. "ಕಳ್ಳಿ ಅಂದದ್ದು ಜನ್ರ ಮುಂದ. ತಪ್ಪಾಯ್ತು ಅನ್ನದೂ ಜನ್ರ ಮುಂದ್ಲೇ ಅನ್ನಿ. ಆಮೇಕ ಬತ್ತೀನಿ."

ನನಗಂತೂ ಶಿಳ್ಳೆ ಹೊಡೆಯೋ ಹಾಗಾಯ್ತು.

ಸಂಜೆ ಹಾಲಿನ ಹೊತ್ತಿಗೆ ಅಧ್ಯಕ್ಷರು ಜನರ ಮುಂದೆ ತಪ್ಪಾಯ್ತು ಅಂದರು. ಮೊದಲ ಸಲ ಗೊಣಗಿದರು. "ಕೇಳ್ನಿಲ್ಲ ಕಣಪ್ಪೋ!" ಅಂತ ಸಾಲಿನ ಹಿಂದಿನಿಂದ ಒಬ್ಬ ಅಜ್ಜಿ ಕೂಗಿದರು. ಎರಡನೇ ಸಲ ಜೋರಾಗಿ ಅಂದರು. ಅಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದು ಹಾಲು ಅಳೆಯೋಕೆ ನಿಂತರು.

ಈಗ ಆ ಖಾನೆ ಸಾಫ್ಟ್‌ವೇರಿನ ಹೊಸ ವರ್ಷನ್‌ನಲ್ಲೇ ಇದೆ. ಯಾವ ದೇಶದವರು ಡೌನ್‌ಲೋಡ್ ಮಾಡಿದರೂ ಸಿಗುತ್ತೆ. ಜೊತೆಗೆ ಕೆಲಸ ಮಾಡಿದವರ ಹೆಸರಿನ ಪಟ್ಟಿ. ಪೋರ್ಚುಗಲ್ಲಿನವಳು ಕೇಳಿದ್ದಳು, ಆ ನೋಟ್‌ಬುಕ್ ಯಾರದು ಅಂತ. ಅಕ್ಕನ ಒಪ್ಪಿಗೆ ತಗೊಂಡು ಹೇಳಿದೆ. ಪಟ್ಟಿಯಲ್ಲಿ ಈಗ ಚಿಕ್ಕತಾಯಮ್ಮ ಅಂತ ಇದೆ.

ಇಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ನಕ್ಕ. ಒಂದು ಸಾಲು ಕೋಡ್ ಬರೆಯದವರ ಹೆಸರು ಅಲ್ಲಿ ಯಾಕೆ ಅಂತ.

ದಿನ ಯಾವಾಗ ಶುರುವಾಗುತ್ತೆ ಅಂತ ನಮ್ಮಲ್ಲಿ ಇನ್ಯಾರಿಗೆ ಗೊತ್ತಿತ್ತು?

ಅಷ್ಟೇ.