ಗೋಲುಕಂಬಕ್ಕೆ ಅರಿಶಿನ ಹಚ್ಚಿದ ಸೂರಿ ಅಂಕಲ್

ಭಾನುವಾರದ ಬೆಳಗಿನ ಜಾವ. ಸಮರ್‌ಸೆಟ್‌ನ ಟೌನ್‌ಶಿಪ್ ಮೈದಾನದ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಲೆಗೆ ಮಂಕಿ ಕ್ಯಾಪ್ ಹಾಕಿ, ಕೈಯಲ್ಲಿ ಹಿಮ ಎತ್ತುವ ಸನಿಕೆ ಹಿಡಿದ ಹಿರಿಯರೊಬ್ಬರು ಹುಲ್ಲಿನ ಮೇಲೆ ಬಗ್ಗಿ ಬಗ್ಗಿ ನಡೆಯುತ್ತಿದ್ದಾರೆ. ಇದು ಅಕ್ಟೋಬರ್, ಹಿಮ ಬೀಳಲು ಇನ್ನೂ ಬಹಳ ದಿನವಿದೆ. ಅವರು ಎತ್ತುತ್ತಿರುವುದು ಬಾತುಗಳ ಹಿಕ್ಕೆ. ಕೆನಡಾದ ಕಡೆಯಿಂದ ಹಾರಿಬರುವ ಆ ದಪ್ಪ ಬಾತುಗಳು ರಾತ್ರಿಯೆಲ್ಲ ಇಲ್ಲೇ ಮೇಯುತ್ತವೆ, ಉಳಿದದ್ದನ್ನೂ ಇಲ್ಲೇ ಮುಗಿಸುತ್ತವೆ.

"ಓಡ್ಸೋಕೆ ಹೋದ್ರೆ ನಮ್ಮನ್ನೇ ಅಟ್ಟಿಸ್ಕೊಂಡು ಬರ್ತವೆ ಕಣ್ರೀ. ಕೈ ಮಾಡೋ ಹಾಗಿಲ್ಲ, ಫೆಡರಲ್ ಪ್ರೊಟೆಕ್ಷನ್ ಇದೆ" ಎನ್ನುತ್ತಾರೆ ಸೂರ್ಯನಾರಾಯಣ. "ನಂಗೆ ಗ್ರೀನ್ ಕಾರ್ಡ್ ಬರೋ ಅಷ್ಟರಲ್ಲಿ ತಲೆಕೂದ್ಲು ಹೋಯ್ತು. ಇವು ನೋಡಿ, ಸುಮ್ನೆ ಬಂದ್ವು, ಸೆಟ್ಲ್ ಆದ್ವು."

ಮೈದಾನದಲ್ಲಿ ಎಲ್ಲರಿಗೂ ಅವರು ಸೂರಿ ಅಂಕಲ್. ವಯಸ್ಸು ಅರವತ್ತೇಳು. ವಾರದ ಐದು ದಿನ ಹಳದಿ ಸ್ಕೂಲ್ ಬಸ್ಸು ಓಡಿಸುತ್ತಾರೆ. ಶನಿವಾರ, ಭಾನುವಾರ 'ಸಮರ್‌ಸೆಟ್ ಸಿಡಿಲು' ಎಂಬ ಫುಟ್‌ಬಾಲ್ ತಂಡದ ಸಾಮಾನು ನೋಡಿಕೊಳ್ಳುತ್ತಾರೆ. ಬಲೆ ಕಟ್ಟುವುದು, ಚೆಂಡಿಗೆ ಗಾಳಿ ಹಾಕುವುದು, ಬಾವುಟ ನೆಡುವುದು, ಜೆರ್ಸಿ ಒಗೆಸಿ ಮಡಚಿಡುವುದು, ಬಾತುಗಳ ಸೇವೆ, ಎಲ್ಲ ಅವರದೇ. ಸಂಬಳವೆಂಬುದು ಈ ಕೆಲಸದಲ್ಲಿ ಇಲ್ಲ. ತಂಡಕ್ಕೆ ಮೂರು ದೊಡ್ಡ ಚೀಲ ಸಾಮಾನಿದೆ. ಮೂಗಿಗಿಂತ ಮೂಗುತಿ ಭಾರ ಎಂದು ಹೆಂಡತಿ ರಮಾಮಣಿ ಆಡಿಕೊಳ್ಳುತ್ತಾರೆ.

ಇದು ಟಿವಿಯಲ್ಲಿ ಬರುವ ಫುಟ್‌ಬಾಲ್ ಅಲ್ಲ. ಹವ್ಯಾಸಿಗಳ ಭಾನುವಾರದ ಲೀಗು. ಟಿಕೆಟ್ ಇಲ್ಲ, ಗ್ಯಾಲರಿ ಇಲ್ಲ. ಪ್ರೇಕ್ಷಕರೆಂದರೆ ಮಡಚುವ ಕುರ್ಚಿ ತಂದ ನಾಲ್ಕಾರು ಮನೆಯವರು, ಒಂದು ನಾಯಿ, ಮತ್ತು ಕಾಫಿ ಆರುವ ಮೊದಲೇ ಆಟ ಮುಗಿಯಲಿ ಎಂದು ಹಾರೈಸುತ್ತಿರುವ ನಾನು. ಹುಡುಗರು ಹೆಚ್ಚಿನವರು ಇಲ್ಲೇ ಹುಟ್ಟಿದ ಕನ್ನಡದ ಮಕ್ಕಳು. ಯಾರೋ ಫಾರ್ಮಾ ಕಂಪನಿಯಲ್ಲಿ, ಯಾರೋ ಬ್ಯಾಂಕಿನಲ್ಲಿ. ಹೆಸರಿಗೆ ಸಿಡಿಲು, ಈ ಸೀಸನ್ನಿನಲ್ಲಿ ಇದುವರೆಗೆ ಯಾರಿಗೂ ಬಡಿದಿಲ್ಲ. ಸೋತಾಗಲೆಲ್ಲ ಹುಡುಗರು ಮೈದಾನ ಜಾರುತ್ತದೆ ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೂ ಮರುವಾರ ಸೂರಿ ಅಂಕಲ್ ಇನ್ನಷ್ಟು ಬೇಗ ಬಂದು ಇನ್ನಷ್ಟು ಹಿಕ್ಕೆ ಎತ್ತುತ್ತಾರೆ.

ಅವರು ಮೈಸೂರಿನವರು. ಅಲ್ಲಿ ಓಣಿಯ ತಂಡಕ್ಕೆ ಗೋಲ್‌ಕೀಪರ್ ಆಗಿದ್ದರು. ರಮಾಮಣಿಯವರಿಗೆ ಇಲ್ಲಿನ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿ, ಅವರ ವೀಸಾದ ಬಾಲ ಹಿಡಿದು ಬಂದರು. ಕೆಲಸ ಮಾಡುವಂತಿಲ್ಲ, ಡ್ರೈವ್ ಮಾಡಲು ಬರುವುದಿಲ್ಲ, ಮಾತಿಗೆ ಯಾರೂ ಇಲ್ಲ. "ಮೂರು ವರ್ಷ ಮೈಕ್ರೋವೇವ್ ಜೊತೆ ಮಾತಾಡ್ದೆ. ಅದೂ ಬೀಪ್ ಅಂತಿತ್ತು ಅಷ್ಟೆ. ಆಮೇಲೆ ಒಂದಿನ ಈ ಮೈದಾನದಲ್ಲಿ ಯಾರೋ 'ಪಾಸ್ ಮಾಡೋ ಮಾರಾಯ' ಅಂತ ಕೂಗಿದ್ದು ಕೇಳಿಸ್ತು. ನಿಂತ್ಬಿಟ್ಟೆ." ಅಂದಿನಿಂದ ಇಲ್ಲೇ ಇದ್ದಾರೆ. ಅಂದು ಆಡುತ್ತಿದ್ದವರಿಗೆ ಈಗ ಮಂಡಿನೋವು. ತಂಡದ ಹುಡುಗರು ಬದಲಾಗುತ್ತಲೇ ಇದ್ದಾರೆ, ಸೂರಿ ಅಂಕಲ್ ಮಾತ್ರ ಬದಲಾಗಿಲ್ಲ.

ಈ ತಂಡವೇ ಈಗ ತೂಗುಯ್ಯಾಲೆಯಲ್ಲಿದೆ. ಗಣೇಶನ ಹಬ್ಬದ ಭಾನುವಾರ ಅರ್ಧ ತಂಡ ಫ್ಲಶಿಂಗ್ ಊರಿನ ಗಣಪತಿ ದೇವಸ್ಥಾನಕ್ಕೆ ಹೋಗಿ, ಕ್ಯಾಂಟೀನಿನ ದೋಸೆ ಸಾಲಿನಲ್ಲಿ ನಿಂತುಬಿಟ್ಟಿತು. ಮೈದಾನಕ್ಕೆ ಬಂದವರು ಆರೇ ಜನ. ಕನಿಷ್ಠ ಏಳು ಜನ ಇಲ್ಲದಿದ್ದರೆ ಆಟವಿಲ್ಲ. ಅಂಥ ಪಂದ್ಯ ಇನ್ನೊಂದಾದರೆ ಲೀಗಿನಿಂದ ಹೊರಗೆ, ಮೈದಾನದ ಭಾನುವಾರವೂ ಬೇರೆ ಕ್ಲಬ್ಬಿಗೆ. ಹೀಗೆಂದು ಲೀಗು ಎಚ್ಚರಿಕೆ ಕೊಟ್ಟಿದೆ. "ಭಾನುವಾರ ಹೋದ್ರೆ ನಂಗೆ ಮತ್ತೆ ಮೈಕ್ರೋವೇವೇ ಗತಿ" ಎಂದು ನಗುತ್ತಾರೆ. ಆ ನಗುವಿನಲ್ಲಿ ಅಂಜಿಕೆ ಕಾಣುತ್ತದೆ.

ಇಂದು ಹತ್ತು ಜನ ಬಂದಿದ್ದಾರೆ. ಎದುರಾಳಿ ವುಡ್‌ಬ್ರಿಡ್ಜ್ ಕಡೆಯ ತಂಡ. ಆಯುಧಪೂಜೆ ಕಳೆದು ಬಂದ ಮೊದಲ ಪಂದ್ಯ ಇದು. ಬಸ್ಸಿಗೆ ಪೂಜೆ ಮಾಡಲು ಡಿಪೊದವರು ಬಿಡುವುದಿಲ್ಲ. ಆ ಭಕ್ತಿಯನ್ನೆಲ್ಲ ಸೂರಿ ಅಂಕಲ್ ಇಲ್ಲಿಗೆ ತಂದಿದ್ದಾರೆ. ಚೆಂಡು, ಪಂಪು, ಬಾವುಟ, ಒಂದೊಂದು ಜೆರ್ಸಿಯ ಎದೆ, ಯಾವುದನ್ನೂ ಅರಿಶಿನ ಹಚ್ಚದೆ ಬಿಟ್ಟಿಲ್ಲ. ಗೋಲುಕಂಬಗಳಿಗಂತೂ ಹೊಸ್ತಿಲಿಗೆ ಹಚ್ಚಿದ ಹಾಗೆ ಅಂಗೈ ತುಂಬ ಬಳಿದಿದ್ದಾರೆ. ಕುಂಕುಮ ಬೇಡ, ಬಿಳಿ ಜೆರ್ಸಿಯ ಮೇಲೆ ರಕ್ತದ ಹಾಗೆ ಕಾಣುತ್ತದೆ ಎಂದು ನಾಯಕ ನಕುಲ್ ಮೊದಲೇ ಹೇಳಿದ್ದಾನೆ. ಹಾಗಾಗಿ ಬರೀ ಅರಿಶಿನ, ಅದೂ ನೀರಲ್ಲಿ ಕಲಸಿದ ಗಟ್ಟಿ ಅರಿಶಿನ.

ಇಬ್ಬನಿಗೆ ಅರಿಶಿನ ಕರಗುತ್ತದೆ. ಚೆಂಡಿನಿಂದ ಎದೆಗೆ, ಎದೆಯಿಂದ ಬೆನ್ನಿಗೆ, ಕಂಬದಿಂದ ಕೈಗೆ ಹರಡುತ್ತದೆ. ಮಧ್ಯಂತರದ ಹೊತ್ತಿಗೆ ನಮ್ಮ ಬಿಳಿ ತಂಡ ಮದುವೆಯ ಅರಿಶಿನದೆಣ್ಣೆ ಶಾಸ್ತ್ರ ಮುಗಿಸಿ ಬಂದ ಹಾಗಿದೆ. ಸ್ಕೋರು ಎರಡು ಸೊನ್ನೆ, ಸೊನ್ನೆ ನಮ್ಮದು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಎದುರಾಳಿಯ ಜೆರ್ಸಿಯೂ ಹಳದಿ. ಎತ್ತರದ, ಕೆಂಪು ಮೀಸೆಯ ರೆಫರಿ ಬಂದು, ಯಾರು ಯಾರೆಂದು ತಿಳಿಯುತ್ತಿಲ್ಲ, ಒರೆಸಿಕೊಂಡು ಬನ್ನಿ ಎನ್ನುತ್ತಾರೆ.

ಸೂರಿ ಅಂಕಲ್ ಬಕೆಟ್ ತರುತ್ತಾರೆ. ವ್ಯಾನಿನಲ್ಲಿ ಕಂಬ ತೊಳೆಯುವ ಸೋಡಾ ಪುಡಿ ಇದೆ. ಎರಡು ಹಿಡಿ ಹಾಕಿ, ಬಟ್ಟೆ ಅದ್ದಿ, ಸಾಲಾಗಿ ನಿಂತ ಹುಡುಗರ ಎದೆಯನ್ನು ತಿಕ್ಕತೊಡಗುತ್ತಾರೆ. ರೆಫರಿ ಸೀಟಿ ಊದಿದ್ದರಿಂದ ಯಾರೂ ಸರಿಯಾಗಿ ನೋಡಿಕೊಳ್ಳದೆ ಮೈದಾನಕ್ಕೆ ಓಡುತ್ತಾರೆ. ಬಿಸಿಲಿಗೆ ಬಂದ ಮೇಲೆ ನೋಡಿದರೆ ಎಲ್ಲರ ಎದೆಯ ಮೇಲೂ ರಕ್ತಗೆಂಪು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಫುಟ್‌ಬಾಲಿನಲ್ಲಿ ಮೈಮೇಲೆ, ಬಟ್ಟೆಯ ಮೇಲೆ ರಕ್ತವಿದ್ದರೆ ಹೊರಗೆ ಹೋಗಿ ಸ್ವಚ್ಛವಾಗಿ ಬರಬೇಕು. ರೆಫರಿ ಮೊದಲು ನಕುಲ್‌ನನ್ನು ಹೊರಗೆ ಕಳಿಸುತ್ತಾರೆ. ಸೂರಿ ಅಂಕಲ್ ಗೆರೆಯಾಚೆಯಿಂದ ಕೂಗುತ್ತಾರೆ: "ಸರ್, ನಾಟ್ ಬ್ಲಡ್! ಟರ್ಮರಿಕ್!"

ರೆಫರಿ ನಿಂತು, ತಾಳ್ಮೆಯಿಂದ ಉತ್ತರಿಸುತ್ತಾರೆ: "ಟರ್ಮರಿಕ್ ಈಸ್ ಯೆಲ್ಲೋ, ಸರ್. ಐ ಪುಟ್ ಇಟ್ ಇನ್ ಮೈ ಲಾಟೆ."

ಸೂರಿ ಅಂಕಲ್ ಇನ್ನೊಂದು ಹಿಡಿ ಸೋಡಾ ಹಾಕಿ ತಿಕ್ಕುತ್ತಾರೆ. "ಅಂಕಲ್, ಸ್ಟಾಪ್! ಇಟ್ಸ್ ಗೆಟಿಂಗ್ ವರ್ಸ್!" ಎಂದು ನಕುಲ್ ಚೀರುತ್ತಾನೆ. ಅಷ್ಟರಲ್ಲಿ ಇನ್ನಿಬ್ಬರು ಹೊರಗೆ ಬರುತ್ತಾರೆ. ಒಳಗೆ ಉಳಿದವರು ಏಳು. ಅವರಲ್ಲಿ ಗೋಲ್‌ಕೀಪರ್ ವೇದ್‌ನ ಕಪ್ಪು ಜೆರ್ಸಿಯಲ್ಲಿ ಏನೂ ಕಾಣುವುದಿಲ್ಲ. ಮಿಕ್ಕವರ ಸರದಿ ಇನ್ನೂ ಬಂದಿಲ್ಲ. ಡಿಫೆನ್ಸಿನಲ್ಲಿ ಆಡುವ ಕುಶ್ ಅಂತೂ ಅಡಿಯಿಂದ ಮುಡಿಯವರೆಗೆ ಕೆಂಪು. ಅವನು ಎದೆಯ ಮೇಲೆ ಎರಡೂ ಕೈ ಕಟ್ಟಿಕೊಂಡು, ಮೇಷ್ಟರ ಮುಂದೆ ನಿಂತವನ ಹಾಗೆ ವಿಧೇಯನಾಗಿ ಓಡುತ್ತಿದ್ದಾನೆ. ಚೆಂಡು ಬಂದರೂ ಕೈ ಬಿಡಿಸುವುದಿಲ್ಲ. ರೆಫರಿ ಅವನನ್ನೇ ನೋಡುತ್ತಿದ್ದಾರೆ.

ಕುಶ್ ಹೊರಗೆ ಬಂದರೆ ಆರು ಜನ. ಆಟ ಮುಗಿಯಿತು, ತಂಡವೂ ಮುಗಿಯಿತು. ಸೂರಿ ಅಂಕಲ್ ಚೆಂಡಿನ ಚೀಲದ ಮೇಲೆ ಕುಸಿದು ಕೂರುತ್ತಾರೆ. "ನನ್ ಕೈಯಾರೆ ನಾನೇ ಮುಳುಗಿಸ್ಬಿಟ್ಟೆ" ಎನ್ನುತ್ತಾರೆ. ಅಲ್ಲಿಯವರೆಗೆ ನಗುತ್ತಿದ್ದ ನಾನು ಕಾಫಿ ಲೋಟ ಕೆಳಗಿಡುತ್ತೇನೆ.

ಆಗ ರಮಾಮಣಿ ಬರುತ್ತಾರೆ. ಮಧ್ಯಂತರಕ್ಕೆ ನಿಂಬೆ ಪಾನಕ ತರುವುದು ಅವರ ಪಾಲಿನ ಕೆಲಸ. ಪಾರ್ಕಿಂಗ್ ಸಿಗದೆ ತಡವಾಗಿದೆ. ಹುಡುಗರನ್ನು ನೋಡಿದ್ದೇ, ಕೈಯಲ್ಲಿ ಜಗ್ ಹಿಡಿದಂತೆಯೇ, "ಅಯ್ಯೋ, ಏನಾಯ್ತೋ ಮಕ್ಳಾ, ಯಾರು ಹೊಡದ್ರೋ!" ಎಂದು ಓಡಿಬಂದು ನಕುಲ್‌ನನ್ನು ತಬ್ಬಿಕೊಳ್ಳುತ್ತಾರೆ. ಜಗ್ಗಿನ ಪಾನಕ ಅರ್ಧಕ್ಕರ್ಧ ಅವನ ಎದೆಯ ಮೇಲೆ ಚೆಲ್ಲುತ್ತದೆ. ಚೆಲ್ಲಿದಲ್ಲೆಲ್ಲ ಕೆಂಪು ಹೋಗಿ ಹಳದಿ ಮೂಡುತ್ತದೆ.

ಆಮೇಲೆ ರಮಾಮಣಿ ಬಕೆಟ್ ನೋಡುತ್ತಾರೆ, ಸೋಡಾ ಡಬ್ಬಿ ನೋಡುತ್ತಾರೆ, ಗಂಡನನ್ನು ನೋಡುತ್ತಾರೆ. "ಅಲ್ಲಾ ರೀ, ಆರತಿ ನೀರಿಗೆ ಅರಿಶಿನ ಸುಣ್ಣ ಹಾಕಿದ್ರೆ ಕೆಂಪಗಾಗುತ್ತೆ. ಚಿಕ್ಕೋರಿದ್ದಾಗಿಂದ ನೋಡ್ತಿದೀರ. ಸುಣ್ಣ ಮಾಡೋ ಕೆಲ್ಸ ಸೋಡಾನೂ ಮಾಡುತ್ತೆ. ಹತ್ತು ಜನ ಗಂಡಸ್ರಿಗೆ ನಿಂತಲ್ಲೇ ಆರತಿ ಮಾಡಿಟ್ಟಿದೀರಲ್ಲ!"

"ನಂಗೆ ಬರೀ ಎತ್ತಿಸ್ಕೊಂಡು ಗೊತ್ತು, ಕಲಸಿ ಗೊತ್ತಿಲ್ಲ ಕಣೇ" ಎಂದು ಸೂರಿ ಅಂಕಲ್ ಏಳುತ್ತಾರೆ. ಹೇಳಿ ಮುಗಿಸುವ ಮೊದಲೇ ಜಗ್ ಕಿತ್ತುಕೊಂಡಿದ್ದಾರೆ.

ಮುಂದಿನದನ್ನು ವುಡ್‌ಬ್ರಿಡ್ಜ್‌ನವರು ಬಾಯಿ ತೆರೆದು ನೋಡುತ್ತಾರೆ. ಗೆರೆಯ ಪಕ್ಕದಲ್ಲಿ ಮೂವರು ನಡುಗುತ್ತ ಎದೆಯೊಡ್ಡಿ ನಿಂತಿದ್ದಾರೆ, ಅಂಕಲ್ ಒಬ್ಬೊಬ್ಬರಿಗೂ ಪಾನಕದ ಅಭಿಷೇಕ ಮಾಡುತ್ತಿದ್ದಾರೆ. ರೆಫರಿ ಹತ್ತಿರ ಬಂದು, ಬಟ್ಟೆಯ ತುದಿ ಹಿಡಿದು ನೋಡುತ್ತಾರೆ. ಅಂಕಲ್ ಅವರ ಕಣ್ಣೆದುರೇ ಸೋಡಾ ನೀರು ಹನಿಸಿ ಕೆಂಪು ಮಾಡಿ, ಪಾನಕ ಹನಿಸಿ ಹಳದಿ ಮಾಡಿ ತೋರಿಸುತ್ತಾರೆ. ರೆಫರಿ ಇನ್ನೊಮ್ಮೆ ಮಾಡಿ ಎನ್ನುತ್ತಾರೆ. ಆಮೇಲೆ ಇನ್ನೊಮ್ಮೆ. ಕೊನೆಗೆ ತಲೆ ಕೊಡವಿ, "ಯೆಲ್ಲೋ ಐ ಕ್ಯಾನ್ ಲಿವ್ ವಿತ್" ಎಂದು ಮೂವರನ್ನೂ ಒಳಗೆ ಬಿಡುತ್ತಾರೆ. ಉಳಿದ ಪಾನಕ ಒಳಗಿದ್ದವರ ಎದೆಗೂ ಬೀಳುತ್ತದೆ, ಕುಶ್ ಅಷ್ಟು ಹೊತ್ತಿನ ಮೇಲೆ ಕೈ ಬಿಡಿಸುತ್ತಾನೆ.

ಆಟ ಮುಂದುವರಿಯುತ್ತದೆ. ಇಬ್ಬರೂ ಹಳದಿ. ನಮ್ಮವರು ಎರಡು ಸಲ ಎದುರಾಳಿಗೇ ಚಂದದ ಪಾಸ್ ಕೊಡುತ್ತಾರೆ. ಒಮ್ಮೆ ವುಡ್‌ಬ್ರಿಡ್ಜ್‌ನವನೊಬ್ಬ ಮರೆತು ನಕುಲ್‌ಗೆ ಕೊಡುತ್ತಾನೆ, ಅದು ಗೋಲಾಗುತ್ತದೆ. ಅಂತಿಮ ಸ್ಕೋರು ನಾಲ್ಕು ಒಂದು. ನಮ್ಮದು ಒಂದು.

ಕೊನೆಯ ಸೀಟಿ ಊದಿದ್ದೇ ಸೋತ ತಂಡ ಕುಣಿಯತೊಡಗುತ್ತದೆ. ಗೆದ್ದವರು ತಮ್ಮ ತಮ್ಮಲ್ಲೇ ಲೆಕ್ಕ ಸರಿಯಾಗಿದೆಯೇ ಎಂದು ಕೇಳಿಕೊಳ್ಳುತ್ತಾರೆ. ಪಂದ್ಯ ಪೂರ್ತಿಯಾಯಿತೆಂದು ರೆಫರಿ ಫೋನಿನಲ್ಲಿ ಲೀಗಿಗೆ ತಿಳಿಸುವವರೆಗೆ ಸೂರಿ ಅಂಕಲ್ ಅವರ ಪಕ್ಕದಿಂದ ಕದಲುವುದಿಲ್ಲ. ಆಮೇಲಷ್ಟೇ ಬಲೆ ಬಿಚ್ಚಲು ಹೋಗುತ್ತಾರೆ. ನಾನೂ ಒಂದು ತುದಿ ಹಿಡಿಯುತ್ತೇನೆ.

ಒಂದು ಸಲವಾದರೂ ಈ ತಂಡ ಗೆಲ್ಲಲಿ ಎಂಬ ಆಸೆ ಇಲ್ಲವೇ ಎಂದು ಕೇಳುತ್ತೇನೆ. ಅವರು ಬಲೆ ಮಡಚುತ್ತಲೇ ಹೇಳುತ್ತಾರೆ: "ಗೆಲ್ಲೋದು, ಸೋಲೋದು ಹುಡುಗ್ರ ಕೆಲಸ ಕಣ್ರೀ, ಅದ್ರಲ್ಲಿ ನಾನು ತಲೆ ಹಾಕಲ್ಲ. ಶುರುವಾದ ಆಟ ಪೂರ್ತಿ ಮುಗೀಬೇಕು, ಅದು ನನ್ ಕೆಲಸ." ಬಲೆಯನ್ನು ಚೀಲಕ್ಕೆ ತುರುಕಿ, ಜಿಪ್ ಎಳೆದು, ನೆಟ್ಟಗೆ ನಿಲ್ಲುತ್ತಾರೆ. "ಅವರು ಸೋತ್ರು. ನಾನು ಗೆದ್ದೆ."