ಪಕ್ಕದ ಮಂಚದವನ ಹೆಬ್ಬೆರಳು

ತೊಂಬತ್ತರ ದಶಕದ ಕೊನೆಯಲ್ಲಿ, ಒಂದು ದಸರೆಗೆ ಮುಂಚೆ, ಗೊಂಬೆಗಳ ಪೆಟ್ಟಿಗೆ ಇಳಿಸಲು ಅಟ್ಟ ಹತ್ತಿದವನು ಏಣಿ ಜಾರಿ, ಕುಂಡೆಯೂರಿ ನೆಲಕ್ಕೆ ಬಿದ್ದೆ. ಮನೆಯವರು ಕಂಕುಳಿಗೆ ಕೈಹಾಕಿ ಎತ್ತಿದರು, ಕೂರಿಸಿ ನೀರು ಕುಡಿಸಿದರು, ಮಡಚಿ ಆಟೋಗೆ ತುಂಬಿದರು. ಬೆನ್ನಿಗೆ ಪೆಟ್ಟಾದವನನ್ನು ಕೂರಿಸಬಾರದು, ಹಲಗೆಯ ಮೇಲೆ ನೆಟ್ಟಗೆ ಮಲಗಿಸಿಯೇ ತರಬೇಕು ಎಂದು ವೈದ್ಯರು ಹೇಳಿದ್ದು ಆಮೇಲೆ.

ಬೆನ್ನುಮೂಳೆಯ ಕೆಳಭಾಗದ ಒಂದು ಮಣಿ ಒಡೆದಿತ್ತು. ಅದರ ಚೂರು ಹಿಂದಕ್ಕೆ ಸರಿದು ನರಗಳನ್ನು ಒತ್ತುತ್ತಿರುವುದು ಸ್ಕ್ಯಾನ್‌ನಲ್ಲಿ ಕಂಡಿತು. ಕಾಲಿನ ಹೆಬ್ಬೆರಳುಗಳು ಅಲುಗುತ್ತಿರಲಿಲ್ಲ. ಮರುದಿನವೇ ಆಪರೇಷನ್ ಮಾಡಿ ಸರಳು, ಸ್ಕ್ರೂ ಹಾಕಿದರು. "ನರ ಚೇತರಿಸಿಕೊಂಡ್ರೆ ನಡೀತೀರಿ. ಕಾಯ್ಬೇಕು," ಎಂದರು ವೈದ್ಯರು.

ಪಕ್ಕದ ಮಂಚದಲ್ಲಿದ್ದವನು ಹೆಬ್ಬಾಳದ ಕಾರ್ಖಾನೆಯೊಂದರ ಶೆಡ್ಡಿನ ಮೇಲಿಂದ ಬಿದ್ದಿದ್ದ. ನನಗಿಂತ ಎಷ್ಟೋ ಎತ್ತರದಿಂದ. ಮುರಿದದ್ದು ಅದೇ ಮಣಿ. ಆದರೆ ಅವನದು ಮುಂಭಾಗದಲ್ಲಿ ಮಾತ್ರ ಕುಸಿದಿತ್ತು, ನರಕ್ಕೆ ಏನೂ ಆಗಿರಲಿಲ್ಲ. ಆಪರೇಷನ್ ಬೇಡ, ಬೆಲ್ಟು ಸಾಕು ಎಂದಿದ್ದರು. ವರ್ಷಗಟ್ಟಲೆ ಪತ್ರಿಕೆಯಲ್ಲಿ ಅಪಘಾತದ ಸುದ್ದಿ ತಿದ್ದಿದವನು ನಾನು. ಅಷ್ಟು ಎತ್ತರದಿಂದ ಬಿದ್ದವನು ಪಾರಾದ ಈ ಸುದ್ದಿ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

"ಸಾರ್, ನೀವು ಎಲ್ಲಿಂದ ಬಿದ್ರಿ?" ಎಂದು ಕೇಳಿದ.

"ಅಟ್ಟದಿಂದ. ಗೊಂಬೆ ಇಳಿಸೋಕೆ ಹೋಗಿ."

"ಅಯ್ಯೋ, ಗೊಂಬೆಗೇನೂ ಆಗ್ನಿಲ್ವಾ?"

ಕಿತ್ತಳೆ ಸುಲಿಯುತ್ತಿದ್ದ ನನ್ನ ಹೆಂಡತಿ ನಕ್ಕುಬಿಟ್ಟಳು. "ಪಟ್ಟದ ಗೊಂಬೆ ನೆಟ್ಟಗಿವೆ ಕಣಪ್ಪ. ಒಡೆದಿದ್ದು ಇವರೇ." ಮೊದಲ ತೊಳೆಯನ್ನು ಅವನಿಗೆ ಕೊಟ್ಟಳು.

ಪ್ರತಿ ಬೆಳಿಗ್ಗೆ ವೈದ್ಯರು ಇಬ್ಬರ ಪಾದಕ್ಕೂ ಪಿನ್ನು ಚುಚ್ಚಿ, "ಹೆಬ್ಬೆರಳು ಮೇಲೆತ್ತಿ" ಎನ್ನುತ್ತಿದ್ದರು. ಅವನದು ಹೇಳಿದ ಕೂಡಲೇ ಏಳುತ್ತಿತ್ತು. ಹೇಳದಿದ್ದಾಗಲೂ ರೇಡಿಯೋ ಹಾಡಿಗೆ ಕುಣಿಯುತ್ತಿತ್ತು. ಮೂವರು ಸೇರಿ ನನ್ನನ್ನು ದಿಮ್ಮಿಯಂತೆ ಒಟ್ಟಿಗೇ ಹೊರಳಿಸುವಾಗ, "ಮುಖ ಗೋಡೆ ಕಡೆಗೇ ಇರಲಿ" ಎಂದೆ.

"ಎರಡೂ ಕಡೆ ತಿರುಗಿಸ್ಬೇಕು ಸಾರ್. ಇಲ್ದಿದ್ರೆ ಹುಣ್ಣಾಯ್ತದೆ," ಎಂದ ನರ್ಸು ನನ್ನ ಮುಖವನ್ನು ಅವನತ್ತಲೇ ಮಾಡಿ ಹೋದಳು.

ಅವನು ಬೆಲ್ಟು ಕಟ್ಟಿಕೊಂಡು ಮೊದಲ ಸಲ ನಡೆದ ದಿನ ಇಡೀ ವಾರ್ಡು ಹುರಿದುಂಬಿಸಿತು. ನನ್ನ ಹೆಂಡತಿಯೂ ಚಪ್ಪಾಳೆ ತಟ್ಟಿದಳು. ಅವನು ಹಾಗೇ ನಡೆಯುತ್ತಾ ಬಾಗಿಲು ದಾಟಿ ವರಾಂಡಕ್ಕೆ ಹೋದ ಮೇಲೆ ವೈದ್ಯರು ನನ್ನ ಮಂಚಕ್ಕೆ ಬಂದರು. "ಎತ್ತಿ" ಎಂದರು. ಎಡಗಾಲಿನ ಹೆಬ್ಬೆರಳು ಒಂದಿಷ್ಟು ಮೇಲೆದ್ದು ಬಿತ್ತು.

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬಾಗಿಲ ಕಡೆ ನೋಡಿದೆ.

"ಮೊದಲು ಅವನನ್ನ ಕರಿ," ಎಂದೆ. "ಇನ್ನೊಂದ್ಸಲ ಎತ್ತುತೀನಿ. ಅವನೂ ನೋಡ್ಲಿ."