ಗೆರೆ ಮುಟ್ಟದ ನೀರು

ನಮ್ಮ ದೋಣಿಕಟ್ಟೆಯ ದಡದಲ್ಲಿ ಓಡುವ ಹೆಂಗಸು ಒಬ್ಬಳೇ. ಕೈಯಲ್ಲಿ ಚಪ್ಪಲಿ ಹಿಡಿದು, ಕಣ್ಣನ್ನು ನೀರಿನ ಮೇಲೆ ನೆಟ್ಟು ಓಡುತ್ತಾಳೆ. ಹೊಸಬರು ಗಾಬರಿಯಿಂದ ನನ್ನ ಅಂಗಡಿಗೆ ಬಂದು, ಆಕೆಯ ಮಗು ಏನಾದರೂ ನೀರಿಗೆ ಬಿತ್ತೇ ಎಂದು ಕೇಳುವುದುಂಟು. ಇಲ್ಲ, ಅದು ಸರ್ಕಾರಿ ಕೆಲಸ ಎನ್ನುತ್ತೇನೆ. ಸರ್ಕಾರಿ ಕೆಲಸದಲ್ಲಿ ಓಡುವವರನ್ನು ಕಂಡು ಅಭ್ಯಾಸವಿಲ್ಲದ ಜನ, ನನ್ನ ಮಾತನ್ನು ನಂಬದೆ ಹೋಗುತ್ತಾರೆ.

ಆಕೆ ನದಿಯ ನೀರು ಅಳೆಯುವವಳು. ಕಟ್ಟೆಯ ಗೋಡೆಯ ಪಕ್ಕದಲ್ಲಿ ನೀರಿಗಿಳಿದ ಒಂದು ಅಳತೆಕಂಬವಿದೆ. ಅದರ ಮೇಲೆ ಅಂಕಿಗಳು, ಮೇಲ್ಗಡೆ ಒಂದು ಕೆಂಪು ಗೆರೆ. ನೀರು ಗೆರೆ ಮುಟ್ಟಿದರೆ ಆಕೆ ಬಾವುಟ ಏರಿಸಬೇಕು, ದೋಣಿ ನಿಲ್ಲಬೇಕು. ಮುಟ್ಟದಿದ್ದರೆ ಆಕೆಯ ಕೈಯಲ್ಲಿ ಬಾವುಟವಿಲ್ಲ, ಬರೀ ಬಾಯಿ. ಬಾಯಿಗೆ ಈ ಊರಿನಲ್ಲಿ ಏನು ಬೆಲೆ ಎಂಬುದು ವ್ಯಾಪಾರಿಯಾದ ನನಗೆ ಚೆನ್ನಾಗಿ ಗೊತ್ತು.

ಓಡುವುದು ಇದೇ ಕಾರಣಕ್ಕೆ. ಕಂಬ ನೀರಿನ ಮಟ್ಟವನ್ನು ಹೇಳುತ್ತದೆ, ಸೆಳವನ್ನು ಹೇಳುವುದಿಲ್ಲ. ಕೆಳಗಿನ ಒಡ್ಡಿನ ಬಾಗಿಲು ತೆರೆದ ದಿನ ಮಟ್ಟ ಇಳಿಯುತ್ತದೆ, ಸೆಳವು ಏರುತ್ತದೆ. ಆಗ ಕಂಬ ನೋಡಿದವರು ನದಿ ಬಡವಾಯಿತು ಎಂದುಕೊಳ್ಳುತ್ತಾರೆ. ಆಕೆ ಮೇಲ್ದಂಡೆಯಲ್ಲಿ ಒಂದು ಒಣ ಕಡ್ಡಿಯನ್ನು ನೀರಿಗೆ ಎಸೆದು ಅದರ ಜೊತೆಗೇ ನಡೆಯುತ್ತಾಳೆ. ಆರಾಮಾಗಿ ನಡೆದರೆ ಸಾಕಾಯಿತೋ, ಒಳ್ಳೆಯದು. ಬಿರುಸಾಗಿ ನಡೆಯಬೇಕಾಯಿತೋ, ಎಚ್ಚರ. ಓಡಬೇಕಾಯಿತೆಂದರೆ ದೋಣಿ ಬಿಡಬಾರದು. ಇದಕ್ಕೇ ಜನ ಆಕೆಗೆ ‘ಕಡ್ಡಿ ಮೇಡಂ’ ಎಂದು ಹೆಸರಿಟ್ಟಿದ್ದಾರೆ. ಸೆಳವಿಗೂ ಒಂದು ಗೆರೆ ಇರಲಿ ಎಂದು ಆಕೆ ಕಚೇರಿಯನ್ನು ಕೇಳಿದ್ದಳಂತೆ. ನಿಯಮಕ್ಕೆ ಅಂಕಿ ಬೇಕು, ಏದುಸಿರು ಅಂಕಿಯಲ್ಲ ಎಂದು ಅಲ್ಲಿಯವರು ಹೇಳಿದರಂತೆ. ಅವರ ಮಾತಲ್ಲೂ ಸುಳ್ಳೇನಿಲ್ಲ. ಸೆಳವು ಅಳೆಯುವ ಯಂತ್ರ ಕಳಿಸುತ್ತೇವೆ ಎಂದೂ ಹೇಳಿದ್ದರು. ಯಂತ್ರ ಇನ್ನೂ ದಾರಿಯಲ್ಲಿದೆ.

ಇಷ್ಟೇ ಆಗಿದ್ದರೆ ಆಕೆ ಸಂಬಳ ತೆಗೆದುಕೊಂಡು ಸುಮ್ಮನಿರುತ್ತಿದ್ದಳೇನೋ. ಆದರೆ ದೋಣಿ ಆಕೆಯ ಭಾವನದು. ದೋಣಿಯ ಹಿಂಬದಿಯಲ್ಲಿ, ಇಂಜಿನ್ನಿನ ಪಕ್ಕ, ಕವುಚಿಟ್ಟ ಡಬ್ಬದ ಮೇಲೆ ಕೂತು ಟಿಕೆಟ್ ಹರಿಯುವವಳು ಆಕೆಯ ಒಡಹುಟ್ಟಿದ ಅಕ್ಕ. ಹುಟ್ಟಿದಾಗಿನಿಂದ ನದಿಯ ಪಕ್ಕದಲ್ಲೇ ಇದ್ದರೂ ಅಕ್ಕನಿಗೆ ಈಜು ಬಾರದು. ಮೊಣಕಾಲುದ್ದ ನೀರಿಗಿಳಿದರೂ ಯಾರದಾದರೂ ತೋಳು ಹಿಡಿಯುವ ಜೀವ ಅದು.

ದೋಣಿಯಲ್ಲಿ ಲೈಫ್ ಜಾಕೆಟ್‌ಗಳಿವೆ. ಇಲ್ಲವೆಂದು ಹೇಳಿದರೆ ಪಾಪ ಬರುತ್ತದೆ, ಏಕೆಂದರೆ ಮಾರಿದವನು ನಾನೇ. ಕಿತ್ತಳೆ ಬಣ್ಣ, ಒಳ್ಳೆಯ ಹೊಲಿಗೆ, ಶಿಳ್ಳೆ ಸಮೇತ. ಭಾವ ಅವುಗಳನ್ನು ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದಿಲ್ಲ. ಮುಂಭಾಗದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾನೆ. ಜನ ಬೆವರಿನ ಮೈಗೆ ಹಾಕಿಕೊಂಡು ಕೊಳಕು ಮಾಡುತ್ತಾರೆ, ತಪಾಸಣೆಗೆ ಬಂದವರಿಗೆ ಹೊಸದಾಗಿ ಕಾಣಬೇಡವೇ ಎನ್ನುತ್ತಾನೆ. ಕೆಟ್ಟವನೇನಲ್ಲ. ದೋಣಿ ನಡೆಸುವುದರಲ್ಲಿ ಎತ್ತಿದ ಕೈ. ಆ ಕೈಯ ಮೇಲಿನ ನಂಬಿಕೆಯೇ ಅವನ ರೋಗ.

ಕಡ್ಡಿ ಮೇಡಂ ಭಾವನ ಬೆನ್ನು ಬಿದ್ದು ಸಾಕಾಗಿ, ಕೊನೆಗೆ ಅಕ್ಕನ ಬೆನ್ನು ಬಿದ್ದಳು. ನೀನೊಬ್ಬಳಾದರೂ ಹಾಕಿಕೊ ಎಂದು ದಿನಾ ಬೇಡುತ್ತಿದ್ದಳು. ಅಕ್ಕ ಮೊದಲು ಸೆಕೆ ಎಂದಳು. ಆಮೇಲೆ ಟಿಕೆಟ್ ಚೀಲಕ್ಕೆ ಅಡ್ಡ ಬರುತ್ತದೆ ಎಂದಳು. ನಿಜವಾದ ಕಾರಣ ಒಂದು ದಿನ ನನ್ನ ಅಂಗಡಿಯ ಮುಂದೆಯೇ ಹೊರಬಿತ್ತು.

“ಅಲ್ವೇ, ದೋಣಿಯವನ ಹೆಂಡ್ತಿಯೇ ಜಾಕೆಟ್ ತೊಟ್ಕೊಂಡು ಕೂತ್ರೆ, ಆ ದೋಣಿಗೆ ಯಾರು ಹತ್ತುತ್ತಾರೆ ಹೇಳು? ನನ್ನ ಗಂಡನ ಮೇಲೆ ನನಗೇ ನಂಬಿಕೆ ಇಲ್ಲ ಅಂತ ಊರಿಗೆಲ್ಲಾ ಡಂಗುರ ಹೊಡೆದ ಹಾಗಲ್ವಾ?”

“ಭಾವನ ಮೇಲೆ ನಂಬಿಕೆ ಇಟ್ಕೊ ಅಕ್ಕ, ಯಾರು ಬೇಡ ಅಂದ್ರು? ನೀರಿನ ಮೇಲೆ ಯಾಕೆ ಇಡ್ತೀಯ?”

“ನಿಂದು ಬರೀ ಕಡ್ಡಿ ಆಡಿಸೋ ಬುದ್ಧಿ,” ಎಂದು ಅಕ್ಕ ನಡೆದುಬಿಟ್ಟಳು.

ಅಕ್ಕನ ಲೆಕ್ಕಾಚಾರವನ್ನು ತಪ್ಪೆನ್ನಲು ನನ್ನಿಂದಾಗದು. ನನ್ನ ಅಂಗಡಿಯ ಬಿಸ್ಕತ್ತನ್ನು ನಾನೇ ತಿನ್ನದಿದ್ದರೆ ಗಿರಾಕಿ ಅನುಮಾನಿಸುತ್ತಾನೆ. ಆದರೆ ಬಿಸ್ಕತ್ತು ಯಾರನ್ನೂ ಮುಳುಗಿಸುವುದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಕೆಳಗಿನ ಒಡ್ಡಿನ ಬಾಗಿಲು ತೆರೆದರು. ನೀರು ಗೆರೆಯಿಂದ ಮೊಳದಷ್ಟು ಕೆಳಗಿಳಿದಿತ್ತು. ಆಕೆ ಕಡ್ಡಿ ಎಸೆದು ಓಡಿದಳು, ಕಡ್ಡಿ ಸಿಗಲಿಲ್ಲ. ಮತ್ತೊಂದನ್ನು ಎಸೆದಳು, ಅದೂ ಕೈಕೊಟ್ಟಿತು. ಏದುಸಿರು ಬಿಡುತ್ತಾ ಕಟ್ಟೆಗೆ ಬರುವಷ್ಟರಲ್ಲಿ ದೋಣಿ ತುಂಬಿತ್ತು. ಇವತ್ತು ಬೇಡ ಭಾವ ಎಂದು ಕೈಮುಗಿದಳು. ಭಾವ ಕಂಬದ ಕಡೆ ಬೆರಳು ತೋರಿಸಿ, ಗೆರೆ ಎಲ್ಲಿದೆ, ನೀರು ಎಲ್ಲಿದೆ, ನೀನೇ ಓದಿ ಹೇಳು ನಾದಿನಿ ಎಂದು ನಕ್ಕ. ದೋಣಿಯಲ್ಲಿದ್ದವರೂ ನಕ್ಕರು. ಕಚೇರಿಗೆ ಫೋನ್ ಮಾಡಿದಳು. ಗೆರೆ ಮುಟ್ಟಿದೆಯೇ ಎಂದು ಕೇಳಿದರು. ಇಲ್ಲ ಎನ್ನಲೇಬೇಕಾಯಿತು. ಹಾಗಾದರೆ ಯಾಕಮ್ಮ ಫೋನ್ ಎಂದರು.

ಆಗ ಆಕೆ ಮಾಡಿದ್ದನ್ನು ನಾನು ಹಗ್ಗದ ಸುರುಳಿ ಸುತ್ತುತ್ತಾ ಕಣ್ಣಾರೆ ಕಂಡೆ. ನನ್ನ ಅಂಗಡಿಗೆ ಬಂದು, ತೂಗುಹಾಕಿದ್ದ ಕಿತ್ತಳೆ ಜಾಕೆಟ್ಟನ್ನು ಇಳಿಸಿ, ಅಣ್ಣ, ಸಂಜೆ ವಾಪಸ್ ಕೊಡ್ತೀನಿ ಎಂದಳು. ಅಲ್ಲೇ ತೊಟ್ಟು, ಪಟ್ಟಿಗಳನ್ನೆಲ್ಲ ಬಿಗಿದು, ದೋಣಿ ಹತ್ತಿ ಅಕ್ಕನ ಪಕ್ಕ ಕೂತು, ಒಂದು ಟಿಕೆಟ್ ಕೊಡು ಎಂದು ಕೈ ಚಾಚಿದಳು.

ದೋಣಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನದಿಯ ಜಾತಕ ಬರೆಯುವವಳೇ ಜಾಕೆಟ್ ತೊಟ್ಟು ಕೂತಿದ್ದಾಳೆ. ಒಬ್ಬ ಕೆಮ್ಮಿದ. ತರಕಾರಿ ಬುಟ್ಟಿಯವಳೊಬ್ಬಳು ಯಾವುದೋ ಕೆಲಸ ನೆನಪಾದಂತೆ ಕೆಳಗಿಳಿದಳು. ಅವಳ ಹಿಂದೆ ಇನ್ನೂ ಕೆಲವರಿಗೆ ಕೆಲಸಗಳು ನೆನಪಾದವು. ಉಳಿದವರು ನಮಗೂ ಜಾಕೆಟ್ ಕೊಡಿ ಎಂದು ಗಲಾಟೆ ಎಬ್ಬಿಸಿದರು. ಭಾವ ಹಲ್ಲು ಕಡಿಯುತ್ತಾ ಬೀಗ ತೆಗೆದ. ಕವರುಗಳು ಹರಿದ ಶಬ್ದ ಅಂಗಡಿಯವರೆಗೂ ಕೇಳಿಸಿತು. ಅಕ್ಕನಿಗೂ ಒಂದು ಉಳಿದಿತ್ತು. ಅವಳು ಅದನ್ನು ತೊಡಲಿಲ್ಲ, ಮಡಿಸಿ ಅದರ ಮೇಲೆ ಕೂತಳು.

ನಡುನೀರಿನಲ್ಲಿ ದೋಣಿಯ ಮೂತಿ ತಿರುಗಿತು. ಇಂಜಿನ್ ಬಾಯಿ ಬಡಿದುಕೊಂಡರೂ ದೋಣಿ ಅಡ್ಡಡ್ಡ ಜಾರುತ್ತಾ ಹೋಯಿತು. ದಡದಲ್ಲಿದ್ದ ನಾವು ನೀರಿನಂಚಿನವರೆಗೆ ಓಡಿದೆವು. ಭಾವ ಹೇಗೋ ನಿಭಾಯಿಸಿ, ಆಚೆ ದಡದಲ್ಲಿ ಬಹಳ ಕೆಳಗೆ, ದನಗಳು ನೀರು ಕುಡಿಯುವ ಇಳಿಜಾರಿನ ಕೆಸರಿಗೆ ದೋಣಿಯನ್ನು ನುಗ್ಗಿಸಿದ. ಯಾರಿಗೂ ಏನೂ ಆಗಲಿಲ್ಲ.

ಕಡ್ಡಿ ಮೇಡಂಗೆ ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಒಬ್ಬರಾದರೂ ಒದ್ದೆಯಾಗಿದ್ದರೆ ಆಕೆಯ ಮಾತಿಗೆ ತೂಕ ಬರುತ್ತಿತ್ತು. ಏನೂ ಆಗಲಿಲ್ಲವಲ್ಲ, ಸುಮ್ಮನೆ ಹೆದರಿಸಿದೆಯಲ್ಲ ಎಂದು ಕೆಸರಿನಲ್ಲಿ ಕಾಲು ಕೀಳುತ್ತಾ ಎಲ್ಲರೂ ಆಕೆಗೇ ಬೈದರು. ಇಳಿದುಹೋದವರಿಂದಾಗಿ ದೋಣಿಯ ಭಾರದ ಹದ ತಪ್ಪಿತು, ಅದಕ್ಕೇ ಹೀಗೆ ಜಾರಿತು ಎಂದು ಭಾವ ಬೈದ. ಕೊನೆಗೆ ಅಕ್ಕ, ತಂಗಿಯ ಜಾಕೆಟ್ಟಿನ ಪಟ್ಟಿಯನ್ನು ಇನ್ನೂ ಹಿಡಿದುಕೊಂಡೇ, ನೀನು ಬಂದು ಕೂತಿದ್ದಕ್ಕೇ ಹೀಗಾಯ್ತು ಎಂದಳಂತೆ. ಕರ್ತವ್ಯದ ವೇಳೆಯಲ್ಲಿ ದೋಣಿವಿಹಾರ ಮಾಡಬಾರದು ಎಂದು ಕಚೇರಿಯಿಂದಲೂ ಎಚ್ಚರಿಕೆ ಬಂತು. ಮರುದಿನ ಭಾವ ಜಾಕೆಟ್ಟುಗಳನ್ನು ಒರೆಸಿ, ಹರಿದ ಕವರುಗಳಿಗೆ ಟೇಪು ಅಂಟಿಸಿ, ಮತ್ತೆ ಪೆಟ್ಟಿಗೆಗೆ ಸೇರಿಸಿದ.

ಅದಾದ ಮೇಲೊಂದು ದಿನ ಅಕ್ಕ ಕೈಯಲ್ಲೊಂದು ಬಟ್ಟೆಯ ಗಂಟು ಹಿಡಿದು ಅಂಗಡಿಗೆ ಬಂದು ರೈನ್‌ಕೋಟ್ ಕೇಳಿದಳು. ಅವಳ ಅಳತೆಯದನ್ನು ತೆಗೆದರೆ, ಬೇಡ, ದೊಡ್ಡದು ಕೊಡಿ ಎಂದಳು. ಇನ್ನೂ ದೊಡ್ಡದು ಎಂದಳು. ಗಿರಾಕಿ ದೊಡ್ಡದು ಕೇಳಿದರೆ ವ್ಯಾಪಾರಿ ಯಾಕೆಂದು ಕೇಳಬಾರದು. ಹಿಂದಿನ ಕೋಣೆಯಲ್ಲಿ ತೊಟ್ಟು ನೋಡುತ್ತೇನೆಂದು ಹೋದವಳು, ಹೊರಗೆ ಕಂಬದ ಬಳಿ ನಿಂತಿದ್ದ ತಂಗಿಯನ್ನು ಬಾಗಿಲಿನಿಂದ ಕೂಗಿದಳು. ಹಲಗೆಯ ಗೋಡೆ, ಮಾತು ಕೇಳಿಸದೆ ಇರುತ್ತದೆಯೇ?

“ಹಿಂದ್ಗಡೆ ಉಬ್ಬಿ ಕಾಣುತ್ತಾ ನೋಡೇ.”

“ಅಕ್ಕ... ಜಾಕೆಟ್ ಹಾಕ್ಕೊಂಡಿದ್ದೀಯಾ?”

“ಬಾಯ್ಮುಚ್ಚು. ಆವತ್ತಿಂದ ರಾತ್ರಿ ನಿದ್ದೆ ಇಲ್ಲ ನನಗೆ. ನಿನ್ನ ಭಾವನಿಗಾಗಲಿ, ಇನ್ಯಾರಿಗಾಗಲಿ ಹೇಳಿದ್ಯೋ, ಬಿಚ್ಚಿ ನೀರಿಗೆ ಎಸೀತೀನಿ. ಮತ್ತೆ ಯಾವತ್ತೂ ತೊಡಲ್ಲ. ನನ್ನಾಣೆ.”

ತಂಗಿ ಹೊರಬಂದಾಗ ಮುಖ ಅರಳಿತ್ತು. ನಾನು ಏನೂ ಕೇಳಿಸದವನಂತೆ ಮೊಳೆ ತೂಗುತ್ತಿದ್ದೆ. ಆ ಅರಳಿದ ಮುಖ ಮಾರನೆಯ ಬೆಳಿಗ್ಗೆಯವರೆಗೂ ಉಳಿಯಲಿಲ್ಲ.

ಬೆಳಿಗ್ಗೆ ಬಿರುಸಾಗಿ ನಡೆಯಬೇಕಾದ ನೀರು. ಆಕೆ ಕಟ್ಟೆಯ ತುದಿಯಲ್ಲಿ ನಿಂತು, ಎಂದಿನಂತೆ ಹತ್ತುವವರಿಗೆಲ್ಲ ಜಾಕೆಟ್ ಕೇಳಿ ಪಡೆಯಿರಿ ಎಂದು ಹೇಳುತ್ತಿದ್ದಳು. ಒಬ್ಬ ಗಂಡಸು, ಪಕ್ಕದಲ್ಲಿ ಬಸುರಿ ಹೆಂಡತಿ, ಒಂದು ಕ್ಷಣ ಅನುಮಾನಿಸಿ ನಿಂತ. ಆಮೇಲೆ ದೋಣಿಯ ಹಿಂಬದಿಗೆ ಕೈ ತೋರಿಸಿದ.

“ಅಲ್ಲಿ ನೋಡಿ ಮೇಡಂ. ದಿನವಿಡೀ ನೀರಿನ ಮೇಲಿರೋ ಆಯಮ್ಮನೇ ಜಾಕೆಟ್ ಇಲ್ಲದೆ ಆರಾಮಾಗಿ ಕೂತಿದ್ದಾರೆ. ನಿಮ್ಮದು ಸ್ವಲ್ಪ ಅತಿಯಾಯ್ತು.”

ಕಡ್ಡಿ ಮೇಡಂ ಬಾಯಿ ತೆರೆದಳು. ಡಬ್ಬದ ಮೇಲೆ ಕೂತಿದ್ದ ಅಕ್ಕ ಕಣ್ಣಲ್ಲೇ ಗದರಿಸಿದಳು. ಮೋಡವಿಲ್ಲದ ಆಕಾಶ, ಸುಡುವ ಬಿಸಿಲು, ಅಕ್ಕನ ರೈನ್‌ಕೋಟಿನ ಗುಂಡಿಗಳು ಕುತ್ತಿಗೆಯವರೆಗೆ ಬಿಗಿದಿದ್ದವು. ಹಣೆಯಿಂದ ಬೆವರು ಧಾರೆಯಾಗಿ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ ಟಿಕೆಟ್ ಹರಿಯುತ್ತಿದ್ದಳು. ಆ ಗಂಡಸು ಹೆಂಡತಿಯ ಕೈ ಹಿಡಿದು ಹತ್ತಿಸಿದ. ತಂಗಿ ತೆರೆದ ಬಾಯಿಯನ್ನು ಮುಚ್ಚಿದಳು. ದೋಣಿ ದಡ ಬಿಟ್ಟಿತು, ಒಬ್ಬರ ಮೈಮೇಲೂ ಕಿತ್ತಳೆ ಬಣ್ಣ ಕಾಣಲಿಲ್ಲ.